ತಾಯಿತ ಬಿಚ್ಚಿಟ್ಟವರ ಮೊಮ್ಮಕ್ಕಳು

ಕಳೆದ ವರ್ಷ ಜೂನ್ ತಿಂಗಳಲ್ಲಿ ನನ್ನ ಸೋದರಳಿಯ ಬೆಂಗಳೂರಿನಿಂದ ಧಾರವಾಡಕ್ಕೆ ಬಂದಿದ್ದಾಗ ಒಂದು ಸಣ್ಣ ಸೀಸೆಯನ್ನು ನನ್ನ ಮೇಜಿನ ಮೇಲಿಟ್ಟ. "ಅಭಿಷೇಕದ ಎಣ್ಣೆ ಮಾವ. ಇಸ್ರೇಲಿನ ಆಲಿವ್ ಎಣ್ಣೆ. ನಲವತ್ತು ದಿನ ಉಪವಾಸವಿದ್ದು ಪ್ರಾರ್ಥನೆ ಮಾಡಿ ಕೊಟ್ಟಿದ್ದಾರೆ. ಬಾಗಿಲ ಚೌಕಟ್ಟಿನ ನಾಲ್ಕು ಮೂಲೆಗೂ ಹಚ್ಚಿರಿ, ಯಾವ ದುಷ್ಟಶಕ್ತಿಯೂ ಒಳಗೆ ಬರುವುದಿಲ್ಲ" ಎಂದ. ಅವನು ಎಂಜಿನಿಯರಿಂಗ್ ಓದಿದವನು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನ್ನ ತರಗತಿಯಲ್ಲೇ ಎರಡು ವರ್ಷ ಕುಳಿತವನು. ನಾನು ಆ ದಿನ ಏನೂ ಹೇಳಲಿಲ್ಲ. ಮನೆಗೆ ಬಂದ ಅಳಿಯನೊಡನೆ ಜಗಳವಾಡಬಾರದೆಂದು ಸುಮ್ಮನಾದೆ. ಆ ಮೌನ ತಪ್ಪಾಯಿತೆಂದು ಆಮೇಲೆ ತಿಳಿಯಿತು. ಅಂದು ಹೇಳದೇ ಇದ್ದುದನ್ನು ಇಂದು ಬರೆಯುತ್ತಿದ್ದೇನೆ.

ಆ ಸೀಸೆಯನ್ನು ನೋಡಿದಾಗ ನನಗೆ ನೆನಪಾದದ್ದು ನನ್ನ ಅಜ್ಜಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರೆಂಬುದು ಚರಿತ್ರೆ. ನಮ್ಮ ಮನೆತನಕ್ಕೆ ಆ ಸುವಾರ್ತೆ ತಲುಪಿದ್ದು ಬಹಳ ತಡವಾಗಿ, 1920ರ ದಶಕದಲ್ಲಿ, ಉಡುಪಿಯ ಕಡೆಯ ಒಂದು ಹಳ್ಳಿಯಲ್ಲಿ. ದೀಕ್ಷಾಸ್ನಾನದ ಹಿಂದಿನ ರಾತ್ರಿ ಅಜ್ಜಿ ತನ್ನ ತೋಳಿನಲ್ಲಿದ್ದ ತಾಯಿತವನ್ನು ತಾನೇ ಬಿಚ್ಚಿದರಂತೆ. ಉಪದೇಶಿಗಳು ಬಿಚ್ಚಲು ಹೇಳಿದ್ದರು, ನಿಜ. ಆದರೆ ಬಿಚ್ಚುವ ಕೈ ಅವರದಾಗಿರಲಿಲ್ಲ. ಹಿಂದೆ ಎರಡು ಮಕ್ಕಳನ್ನು ಕಳೆದುಕೊಂಡಿದ್ದ ಹೆಂಗಸು ಮೂರನೆಯ ಬಸಿರಿನಲ್ಲಿ ತಾಯಿತ ಬಿಚ್ಚುವುದೆಂದರೆ ಏನೆಂದು ಗಂಡಸಾದ ನಾನು ಹೇಗೆ ಹೇಳಲಿ? "ಹೆದರಿಕೆ ಆಗಲಿಲ್ಲವೇ ಅಜ್ಜಿ?" ಎಂದು ಹುಡುಗನಾಗಿದ್ದಾಗ ಕೇಳಿದ್ದೆ. "ರಾತ್ರಿಯಿಡೀ ಹೆದರಿದ್ದೆ. ಬೆಳಿಗ್ಗೆ ನೀರಿಗೆ ಹೋದೆ" ಎಂದಿದ್ದರು. ಆ ಮೂರನೆಯ ಕೂಸೇ ನನ್ನ ತಾಯಿ.

ಆ ಅಜ್ಜಿಯ ಮರಿಮೊಮ್ಮಗ ಈಗ ಸೀಸೆಯಲ್ಲಿ ತಾಯಿತವನ್ನು ಮರಳಿ ತಂದಿದ್ದಾನೆ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ನನ್ನ ಜಗಳ ನನ್ನ ಮನೆಯೊಳಗಿನದು. ನೆರೆಯವರ ಕೋಲ, ಪೂಜೆ, ಜಪಗಳನ್ನು ಹಳಿಯಲು ನಾನು ಲೇಖನಿ ಹಿಡಿದಿಲ್ಲ. ಅವರು ತಮ್ಮ ನಂಬಿಕೆಗೆ ತಕ್ಕಂತೆ ನಡೆಯುತ್ತಿದ್ದಾರೆ. ನಮ್ಮ ಪ್ರಶ್ನೆ ಬೇರೆ: ಯಾವುದನ್ನು ಬಿಟ್ಟು ಬಂದೆವೆಂದು ನೂರು ವರ್ಷ ಹೇಳಿಕೊಂಡೆವೋ ಅದನ್ನೇ ಹೊಸ ಹೆಸರಿಟ್ಟು, ಗಿಟಾರು ಡ್ರಮ್ಮುಗಳ ಸಂಭ್ರಮದಲ್ಲಿ, ಸುವಾರ್ತಾ ಸಭೆಗಳ ವೇದಿಕೆಗೆ ಏಕೆ ಹತ್ತಿಸಿದೆವು?

ಎಣ್ಣೆಯ ಪರವಾಗಿ ಮಾತಾಡುವವರು ಕೂಡಲೇ ಯಾಕೋಬನ ಪತ್ರದ ಐದನೆಯ ಅಧ್ಯಾಯವನ್ನು ತೋರಿಸುತ್ತಾರೆ. ಆಗಲಿ, ಅದನ್ನೇ ಓದೋಣ. ಅಲ್ಲಿ ರೋಗಿ ಸಭೆಯ ಹಿರಿಯರನ್ನು ಕರೆಸುತ್ತಾನೆ, ಹಿರಿಯರು ಮನೆಗೆ ಬರುತ್ತಾರೆ, ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ, ಪರಸ್ಪರ ಪಾಪದ ಅರಿಕೆಯೂ ಅಲ್ಲಿಯೇ ಇದೆ. ಅಂದರೆ ಅಲ್ಲಿ ಮನುಷ್ಯರು ಬರುತ್ತಾರೆ. ನಮ್ಮಲ್ಲಿ ಮನುಷ್ಯರು ಬರುವುದಿಲ್ಲ, ಕೊರಿಯರ್ ಬರುತ್ತದೆ. ಕರವಸ್ತ್ರಗಳ ಮಾತೆತ್ತುವವರಿಗೂ ಇದೇ ಉತ್ತರ. ಪೌಲನ ಮೈಮೇಲಿನ ವಸ್ತ್ರಗಳನ್ನು ರೋಗಿಗಳಿಗೆ ಒಯ್ದ ಸಂಗತಿ ಅಪೊಸ್ತಲರ ಕೃತ್ಯಗಳ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ. ಅದೇ ಅಧ್ಯಾಯದಲ್ಲಿ, ಕೆಲವೇ ವಚನಗಳ ನಂತರ, ಎಫೆಸದ ವಿಶ್ವಾಸಿಗಳು ತಮ್ಮ ಮಾಟಮಂತ್ರದ ಪುಸ್ತಕಗಳನ್ನು ಎಲ್ಲರೆದುರು ಸುಟ್ಟ ಸಂಗತಿಯೂ ಇದೆ. ಅವುಗಳ ಬೆಲೆ ಐವತ್ತು ಸಾವಿರ ಬೆಳ್ಳಿನಾಣ್ಯ. ಸುಟ್ಟರು, ಮಾರಲಿಲ್ಲ. ವಸ್ತ್ರದ ವಚನವನ್ನು ಬಾಯಿಪಾಠ ಮಾಡಿದವರು ಬೆಂಕಿಯ ವಚನಕ್ಕೆ ಬಂದಾಗ ಪುಟ ತಿರುವುತ್ತಾರೆ. ಮೋಶೆ ದೇವರ ಅಪ್ಪಣೆಯಿಂದಲೇ ಮಾಡಿಸಿದ್ದ ತಾಮ್ರದ ಸರ್ಪಕ್ಕೆ ಜನ ಧೂಪ ಹಾಕತೊಡಗಿದಾಗ ಹಿಜ್ಕೀಯ ಅರಸನು ಅದನ್ನು ಚೂರುಚೂರು ಮಾಡಿದ. ದೇವರು ಒಮ್ಮೆ ಬಳಸಿದ ವಸ್ತುವೂ ತಾಯಿತವಾಗಬಲ್ಲದು ಎಂಬ ಎಚ್ಚರ ಆ ಕಾಲದವರಿಗಿತ್ತು.

ಎಣ್ಣೆಗಿಂತ ನನ್ನನ್ನು ಹೆಚ್ಚು ಕದಡಿದ್ದು ಶಾಪದ ವ್ಯಾಪಾರ. ಎರಡು ವರ್ಷಗಳ ಹಿಂದೆ ಅಕ್ಕನ ಒತ್ತಾಯಕ್ಕೆ ಒಂದು 'ಬಿಡುಗಡೆ ಕೂಟ'ಕ್ಕೆ ಹೋಗಿದ್ದೆ. ಬಾಗಿಲಲ್ಲೇ ಒಂದು ಅರ್ಜಿ ಕೊಟ್ಟರು. ತಂದೆಯ ಕಡೆ ಮೂರು ತಲೆ, ತಾಯಿಯ ಕಡೆ ಮೂರು ತಲೆ. ಅವರು ಯಾವ ದೈವಕ್ಕೆ ನಡೆದುಕೊಳ್ಳುತ್ತಿದ್ದರು? ರಕ್ತಬಲಿ ಕೊಟ್ಟದ್ದುಂಟೇ? ಮನೆತನದಲ್ಲಿ ಆತ್ಮಹತ್ಯೆ, ಬಂಜೆತನ, ಹುಚ್ಚು ಉಂಟೇ? ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಶ್ರದ್ಧೆಯಿಂದ ತುಂಬಿದಳು. ಆಮೇಲೆ ಬೋಧಕರು ಅದನ್ನು ಓದಿ, ನಿಮ್ಮ ಮುತ್ತಜ್ಜ ದೈವಕ್ಕೆ ಕೊಟ್ಟ ಮಾತು ಇನ್ನೂ ನಿಮ್ಮ ಮೇಲಿದೆ, ನಿಮ್ಮ ಸಕ್ಕರೆ ಕಾಯಿಲೆಯ ಬೇರು ಅಲ್ಲಿದೆ ಎಂದು ತೀರ್ಪು ಕೊಟ್ಟರು. ಬೇರು ಕೀಳಲು ಮೂರು ಶುಕ್ರವಾರದ ಉಪವಾಸ, ಜೊತೆಗೆ 'ಬಿತ್ತನೆಯ ಕಾಣಿಕೆ'.

ಕರಾವಳಿಯಲ್ಲಿ ಬೆಳೆದ ಯಾರಿಗಾದರೂ ಈ ವಿಧಾನದ ಗುರುತು ಸಿಗದೇ ಇರುವುದಿಲ್ಲ. ಪ್ರಶ್ನೆ ಇಡಿಸಿದಾಗ ಕೇಳುವುದೂ ಇದನ್ನೇ: ಹಿರಿಯರು ನಿಲ್ಲಿಸಿದ ಸೇವೆ ಯಾವುದು, ಮರೆತ ಹರಕೆ ಯಾವುದು, ಯಾರ ಕೋಪ ಉಳಿದಿದೆ? ಅಲ್ಲಿ ಕವಡೆಗಳಿರುತ್ತವೆ, ಇಲ್ಲಿ ಛಾಪಿಸಿದ ಅರ್ಜಿ ಇತ್ತು. ಈ ಬೋಧನೆ ನಮ್ಮ ನೆಲದ್ದೆಂದು ಭಾವಿಸಬೇಡಿ. ಕೆನೆತ್ ಮೆಕಾಲ್ ಎಂಬ ಬ್ರಿಟಿಷ್ ಮನೋವೈದ್ಯರು ವಂಶವೃಕ್ಷವನ್ನು ಗುಣಪಡಿಸುವ ಬಗ್ಗೆ 1982ರಲ್ಲಿ ಪುಸ್ತಕ ಬರೆದರು. 1990ರಲ್ಲಿ ಡೆರೆಕ್ ಪ್ರಿನ್ಸ್ ಅವರ ಆಶೀರ್ವಾದ ಮತ್ತು ಶಾಪದ ಪುಸ್ತಕ ಬಂತು. ಅದೇ ದಶಕದಲ್ಲಿ ಪೀಟರ್ ವಾಗ್ನರ್ ಮತ್ತು ಅವರ ಸಂಗಡಿಗರು ಊರು ಊರಿಗೂ ಯಾವ ದುರಾತ್ಮದ ಅಧಿಕಾರವಿದೆಯೆಂದು ನಕ್ಷೆ ಬರೆಯಹೊರಟರು. ಅಲ್ಲಿಂದ ಹೊರಟ ಸರಕು ತುಳುನಾಡಿಗೆ ಬಂದಾಗ ಇಲ್ಲಿ ಮಣ್ಣು ಹದವಾಗಿಯೇ ಇತ್ತು.

ಯೆಹೆಜ್ಕೇಲನ ಹದಿನೆಂಟನೆಯ ಅಧ್ಯಾಯ ಈ ವ್ಯಾಪಾರಕ್ಕೆ ಬಾಗಿಲು ಹಾಕಿ ಎರಡೂವರೆ ಸಾವಿರ ವರ್ಷವಾಯಿತು. ತಂದೆಯ ದೋಷವನ್ನು ಮಗ ಹೊರುವುದಿಲ್ಲವೆಂದು ಅಷ್ಟು ಬಿಡಿಸಿ, ಅಷ್ಟು ಉದಾಹರಣೆ ಕೊಟ್ಟು ಹೇಳಿದ ಇನ್ನೊಂದು ಅಧ್ಯಾಯ ಸತ್ಯವೇದದಲ್ಲಿಲ್ಲ. ಆದರೂ ಆ ಸಂಜೆ ನನಗೆ ಸಿಟ್ಟು ಬಂದದ್ದು ಯೆಹೆಜ್ಕೇಲನ ಸಲುವಾಗಿಯಲ್ಲ, ಅಜ್ಜಿಯ ಸಲುವಾಗಿ. ರಾತ್ರಿಯಿಡೀ ಹೆದರಿ ಬೆಳಿಗ್ಗೆ ನೀರಿಗಿಳಿದ ಆ ಹೆಂಗಸಿನ ದೀಕ್ಷಾಸ್ನಾನ ಸಾಲಲಿಲ್ಲ, ಆಕೆಯ ತಂದೆಯ ದೈವವೇ ಗೆದ್ದಿತು ಎಂದು ಕ್ರೈಸ್ತ ವೇದಿಕೆಯಿಂದಲೇ ಸಾರಿದಂತಾಯಿತಲ್ಲ!

ಈಗ ನನ್ನ ಕಡೆಯ ಕೊಳಕನ್ನೂ ಹೇಳಬೇಕು. ನಮ್ಮ ಹಳೆಯ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆಯ ಕೊನೆಗೆ ತಟ್ಟೆಯಲ್ಲಿ 'ವಾಗ್ದಾನದ ಚೀಟಿ'ಗಳನ್ನು ತರುವ ವಾಡಿಕೆಯುಂಟು. ಕಣ್ಣುಮುಚ್ಚಿ ಒಂದನ್ನೆತ್ತಿಕೊಳ್ಳಬೇಕು. ಬಂದ ವಚನವೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಕೈಬರಹ ಚೆನ್ನಾಗಿದೆಯೆಂದು ಹತ್ತೊಂಬತ್ತು ವರ್ಷ ಆ ಚೀಟಿಗಳನ್ನು ಬರೆದವನು ನಾನೇ. ಯಾವ ವಚನಗಳನ್ನು ಆರಿಸುತ್ತಿದ್ದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಯೋಬನು ತಾನು ಹುಟ್ಟಿದ ದಿನವನ್ನು ಶಪಿಸಿದ ವಚನವನ್ನು ಒಮ್ಮೆಯೂ ಬರೆಯಲಿಲ್ಲ. ಕತ್ತಲೆಯಲ್ಲೇ ಮುಗಿಯುವ ಎಂಬತ್ತೆಂಟನೆಯ ಕೀರ್ತನೆಯನ್ನು ಮುಟ್ಟಲಿಲ್ಲ. ಯೆರೆಮೀಯ ಇಪ್ಪತ್ತೊಂಬತ್ತರ ಹನ್ನೊಂದನೆಯ ವಚನವನ್ನಂತೂ ಪ್ರತಿ ವರ್ಷ ಐದಾರು ಚೀಟಿಗಳಲ್ಲಿ ಬರೆಯುತ್ತಿದ್ದೆ. ಒಳ್ಳೆಯ ಭವಿಷ್ಯದ ಆ ಮಾತು ಯಾರಿಗೆ ಬೇಡ? ಅದರ ಹಿಂದಿನ ವಚನದಲ್ಲಿ ಎಪ್ಪತ್ತು ವರ್ಷ ಬಾಬೆಲಿನಲ್ಲಿ ಸೆರೆಯಿರಬೇಕೆಂಬ ಮಾತಿದೆ. ಕೇಳಿದವರಲ್ಲಿ ಬಹುಪಾಲು ಜನ ಹಿಂದಿರುಗುವ ಮೊದಲೇ ಸಾಯುವವರು. ಚೀಟಿಯ ಅಳತೆಗೆ ಅದು ಹಿಡಿಸುತ್ತಿರಲಿಲ್ಲ.

ಧಾರವಾಡದ ಸಂತೆಯಲ್ಲಿ ಗಿಣಿಶಾಸ್ತ್ರದವನ ಗಿಣಿ ಚೀಟಿ ಎತ್ತುವುದನ್ನು ಕಂಡು ನಾನು ನಗುತ್ತಿದ್ದೆ. ನಮ್ಮಲ್ಲಿ ಗಿಣಿಯ ಕೆಲಸವನ್ನು ನಾವೇ ಮಾಡಿಕೊಳ್ಳುತ್ತಿದ್ದೆವು, ಅಷ್ಟೇ. ಇದಕ್ಕೆ ಗೌರವದ ವಂಶಾವಳಿಯೂ ಉಂಟೆನ್ನಿ. ಜರ್ಮನಿಯ ಹೆರ್ನ್‌ಹುಟ್ಟಿನ ಮೊರೇವಿಯನ್ ಸಭೆಯವರು ದಿನಕ್ಕೊಂದು ವಚನವನ್ನು ಚೀಟಿ ಎತ್ತಿ ಆರಿಸಿ 1731ರಿಂದ ಪುಸ್ತಕವಾಗಿ ಮುದ್ರಿಸುತ್ತ ಬಂದಿದ್ದಾರೆ. ಅದು ಇಡೀ ಸಭೆ ಕೂಡಿ ಓದುವ ವಚನ, ಒಬ್ಬೊಬ್ಬರ ಜಾತಕವಲ್ಲ ಎಂಬುದು ಅವರ ಪರವಾಗಿ ಹೇಳಬಹುದಾದ ಮಾತು. ಆದರೆ ಮದುವೆಯ ಸಂಬಂಧಗಳನ್ನೂ ಅವರು ಒಂದು ಕಾಲದಲ್ಲಿ ಚೀಟಿಯಿಂದ ನಿರ್ಧರಿಸುತ್ತಿದ್ದರು. ಸುವಾರ್ತೆಯ ಪುಟ ತೆರೆದು ಶಕುನ ನೋಡುವುದನ್ನು ಸಂತ ಅಗಸ್ಟೀನನು ಐದನೆಯ ಶತಮಾನದ ಆರಂಭದ ಹೊತ್ತಿಗೇ ಆಕ್ಷೇಪಿಸಿದ್ದ. ದೆವ್ವಗಳನ್ನು ಕೇಳುವುದಕ್ಕಿಂತ ಇದು ವಾಸಿ, ಆದರೂ ಲೌಕಿಕ ವ್ಯವಹಾರಕ್ಕೆ ದೇವರ ವಾಕ್ಯವನ್ನು ಹೀಗೆ ಬಳಸುವುದು ತನಗೆ ಒಪ್ಪಿಗೆಯಲ್ಲ ಎಂಬುದು ಅವನ ನಿಲುವು. ಹೊಸ ಸಭೆಗಳನ್ನು ಬೈಯುವ ನಮ್ಮಂಥ ಹಳಬರು ತಮ್ಮ ಕೈಯಲ್ಲಿರುವ ತಟ್ಟೆಯನ್ನು ಮೊದಲು ಕೆಳಗಿಡಬೇಕು.

ಇನ್ನು ಅಮೆರಿಕದ ಮಾತು. ಅಲ್ಲಿನ ಸುವಾರ್ತಾ ಸಭೆಗಳಲ್ಲೇ ಈ ಕುರಿತು ಎಚ್ಚರಿಸಿದವರು ಉಂಟು. ಡೇವ್ ಹಂಟ್ ಮತ್ತು ಟಿ. ಎ. ಮೆಕ್‌ಮೆಹನ್ 1985ರಲ್ಲಿ 'ದಿ ಸಿಡಕ್ಷನ್ ಆಫ್ ಕ್ರಿಶ್ಚಿಯಾನಿಟಿ' ಎಂಬ ಪುಸ್ತಕ ಬರೆದು ದೊಡ್ಡ ಗದ್ದಲವನ್ನೇ ಎಬ್ಬಿಸಿದರು. ಅವರ ಗುರಿಗಳಲ್ಲಿ ಒಬ್ಬರು ಸಿಯೋಲ್ ನಗರದ ಪಾಲ್ ಯೊಂಗಿ ಚೋ. 1979ರ 'ದಿ ಫೋರ್ತ್ ಡೈಮೆನ್ಷನ್' ಪುಸ್ತಕದಲ್ಲಿ ಚೋ ತಾವು ಬಡತನದ ದಿನಗಳಲ್ಲಿ ಮೇಜು, ಕುರ್ಚಿ, ಸೈಕಲ್ಲಿಗಾಗಿ ಪ್ರಾರ್ಥಿಸಿದ ಕಥೆ ಹೇಳುತ್ತಾರೆ. ಯಾವ ಮರದ ಮೇಜು, ಎಂಥ ಕುರ್ಚಿ, ಯಾವ ದೇಶದ ಸೈಕಲ್ ಎಂದು ನಿಖರವಾಗಿ ಮನಸ್ಸಿನಲ್ಲಿ ಚಿತ್ರಿಸಿಕೊಂಡ ಮೇಲೆ ಅವು ದೊರೆತವಂತೆ. ಬಡವನೊಬ್ಬ ಮೇಜು ಕೇಳಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಕಲ್ಪಿಸಿಕೊಂಡದ್ದು ಮೂರ್ತವಾಗುವ ಒಂದು 'ನಾಲ್ಕನೆಯ ಆಯಾಮ'ವಿದೆ, ಬೌದ್ಧರೂ ಯೋಗಿಗಳೂ ಅದನ್ನು ಬಳಸಿ ಅದ್ಭುತ ಮಾಡುತ್ತಾರೆ, ವಿಶ್ವಾಸಿಯಾದವನು ಇನ್ನೂ ಚೆನ್ನಾಗಿ ಬಳಸಬಹುದು ಎಂಬ ವಾದ ಪ್ರಾರ್ಥನೆಯದಲ್ಲ. ಅದು ಉಪಕರಣದ ಮಾತು.

ಇದಕ್ಕೂ ಹಿಂದಿನ ಬೇರೊಂದುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಾಸ್ಟನ್ ನಗರದಲ್ಲಿ 'ನ್ಯೂ ಥಾಟ್' ಎಂಬ ಪಂಥ ಬಲವಾಗಿತ್ತು. ಮನಸ್ಸಿನ ಆಲೋಚನೆಯೂ ಬಾಯಿಯ ಮಾತೂ ವಸ್ತುಸ್ಥಿತಿಯನ್ನೇ ನಿರ್ಮಿಸುತ್ತವೆ ಎಂಬುದು ಅದರ ಸಾರ. 1890ರ ದಶಕದಲ್ಲಿ ಅಲ್ಲಿನ ಎಮರ್ಸನ್ ಕಾಲೇಜಿನಲ್ಲಿ ಭಾಷಣಕಲೆ ಕಲಿತವರು ಇ. ಡಬ್ಲ್ಯು. ಕೆನ್ಯನ್. ಅವರು ಆ ಪಂಥದಿಂದ ಎಷ್ಟು ಪಡೆದರೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಜಗಳವಿದೆ. ಆದರೆ ಅವರ ಪುಸ್ತಕಗಳ ಪುಟಗಳನ್ನು ಕೆನೆತ್ ಹೇಗಿನ್ ಅಕ್ಷರಶಃ ಎತ್ತಿಕೊಂಡರೆಂಬುದನ್ನು ಡಿ. ಆರ್. ಮೆಕಾನೆಲ್ 1988ರಲ್ಲಿ ಸಾಲಿಗೆ ಸಾಲು ಎದುರಿಟ್ಟು ತೋರಿಸಿದರು. ಹೇಗಿನ್ ಅವರ ಮೂಲಕ ಅದು ಲೋಕದ ಎಲ್ಲೆಡೆಗೂ ಹರಿಯಿತು: ರೋಗವಿದೆಯೆಂದು ಬಾಯಿಬಿಟ್ಟು ಹೇಳಬೇಡ, ಗುಣವಾಗಿದೆಯೆಂದೇ ಅರಿಕೆ ಮಾಡು, ಬಾಯಿಯ ಮಾತೇ ಫಲ ಕೊಡುತ್ತದೆ.

ಇದೇಕೆ ಇಷ್ಟು ದೂರದ ಕಥೆ ಎನ್ನುವಿರಾ? ಕಳೆದ ಸೆಪ್ಟೆಂಬರಿನಲ್ಲಿ ಅಕ್ಕನ ಎಡಗಾಲಿನ ಹೆಬ್ಬೆರಳಿಗೆ ಗಾಯವಾಯಿತು. ಆಕೆಗೆ ಇಪ್ಪತ್ತೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅಳಿಯನ ಸಭೆಯವರು ಫೋನಿನಲ್ಲೇ ಪ್ರಾರ್ಥನೆ ಮಾಡಿದರು, ಎಣ್ಣೆ ಹಚ್ಚಲು ಹೇಳಿದರು. ಇನ್ನು ಮೇಲೆ ಗಾಯವಿದೆಯೆಂದು ಯಾರೊಡನೆಯೂ ಹೇಳಕೂಡದು, ಹೇಳಿದರೆ ಅದು ಅವಿಶ್ವಾಸ, ಬಂದ ಗುಣ ಹಿಂದಿರುಗುತ್ತದೆ ಎಂದರು. ಅಕ್ಕ ಹೇಳಲಿಲ್ಲ. ನಾನು ವಾರಕ್ಕೆರಡು ಸಲ ಫೋನು ಮಾಡುತ್ತಿದ್ದೆ. "ಹೇಗಿದ್ದೀಯ ಅಕ್ಕ?" ಎಂದರೆ "ಸ್ತೋತ್ರ, ಗುಣವಾಗಿದ್ದೇನೆ" ಎನ್ನುತ್ತಿದ್ದಳು. ಐದನೆಯ ವಾರ ಕೆಲಸದ ಹೆಂಗಸು ವಾಸನೆ ತಾಳಲಾರದೆ ನನಗೆ ತಿಳಿಸಿದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಡಾಕ್ಟರು ಕೇಳಿದಾಗ ಅಕ್ಕ ಕೊಟ್ಟ ಉತ್ತರ, "ಗುಣವಾಗಿದೆ ಅಂತಲೇ ಹೇಳಬೇಕಿತ್ತು ಸಾರ್." ಬಾಸ್ಟನ್ನಿನ ಒಂದು ಶತಮಾನದ ಹಿಂದಿನ ಪಾಠ ನಮ್ಮ ಅಕ್ಕನ ಕಾಲಿಗೆ ತಲುಪಿದ್ದು ಹೀಗೆ. ತಾಯಿತ, ಮಂತ್ರ, ಕವಚಗಳಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯಿದೆಯೊಂದು ನಿಷೇಧಿಸಿದೆ. ವೇದಿಕೆಯ ಮೇಲಿನ ಸಾಕ್ಷಿಗಳಿಗೆ ಆ ಕಾಯಿದೆಯ ಭಯವಿದ್ದಂತೆ ಕಾಣುವುದಿಲ್ಲ.

ಪ್ರಾರ್ಥನೆಗೂ ಮಾಟಕ್ಕೂ ಇರುವ ಅಂತರವನ್ನು ನಾನು ಭಾನುವಾರದ ಶಾಲೆಯ ಮಕ್ಕಳಿಗೆ ಬೆಂಕಿಯ ಕುಲುಮೆಯ ಕಥೆಯಿಂದ ಹೇಳಿಕೊಡುತ್ತಿದ್ದೆ. ಶದ್ರಕ್, ಮೇಶಕ್, ಅಬೇದ್‌ನೆಗೋ ಅರಸನಿಗೆ ಕೊಟ್ಟ ಉತ್ತರದಲ್ಲಿ ದೇವರು ಬಿಡಿಸಬಲ್ಲನೆಂಬ ಭರವಸೆಯಿತ್ತು, ಬಿಡಿಸದೇ ಹೋದರೂ ತಾವು ಬಗ್ಗುವುದಿಲ್ಲವೆಂಬ ಮಾತೂ ಇತ್ತು. ಆ ಎರಡನೆಯ ಮಾತು ಮಾಟಗಾರನ ಬಾಯಲ್ಲಿ ಬರಲಾರದು. ಅವನ ಕ್ರಿಯೆಗೆ ಫಲ ಖಾತ್ರಿಯಾಗಿರಬೇಕು, ಇಲ್ಲದಿದ್ದರೆ ಗಿರಾಕಿ ಬರುವುದಿಲ್ಲ. ಗೆತ್ಸೇಮನೆಯ ತೋಟದಲ್ಲಿ ಕರ್ತನು ಬೇಡಿದ ರೀತಿಯನ್ನು ಈ ಹೊಸ ಬೋಧಕರ ತಕ್ಕಡಿಯಲ್ಲಿ ತೂಗಿದರೆ ಅವನೂ ಅವಿಶ್ವಾಸಿಯೆನಿಸುತ್ತಾನೆ.

ಹೊಸ ಶತಮಾನದಲ್ಲಿ ಮಾತು ಇನ್ನೂ ಬಿಚ್ಚುಮನಸ್ಸಿನದಾಗಿದೆ. ಕ್ಯಾಲಿಫೋರ್ನಿಯಾದ ರೆಡಿಂಗ್ ಪಟ್ಟಣದ ಬೆತೆಲ್ ಸಭೆಯ ಮುಖಂಡರ ಬರಹಗಳನ್ನೂ ಒಳಗೊಂಡ 'ದಿ ಫಿಸಿಕ್ಸ್ ಆಫ್ ಹೆವನ್' ಎಂಬ ಪುಸ್ತಕ 2012ರಲ್ಲಿ ಬಂತು. ನ್ಯೂ ಏಜ್ ಪಂಥದವರ ಬಳಿಯಿರುವ ಕಂಪನ, ಶಕ್ತಿ ಮುಂತಾದವು ಮೂಲತಃ ಸಭೆಯ ಸ್ವತ್ತು, ಮರಳಿ ಪಡೆಯಬೇಕು ಎಂಬುದು ಅದರ ಧೋರಣೆ. ವಿಜ್ಞಾನದ ಮೇಷ್ಟರಾಗಿ ಹೇಳುತ್ತೇನೆ: ಅದರಲ್ಲಿನ ಭೌತಶಾಸ್ತ್ರಕ್ಕೆ ಎಂಟನೆಯ ತರಗತಿಯಲ್ಲೂ ನಾನು ಅಂಕ ಕೊಡುತ್ತಿರಲಿಲ್ಲ. 2017ರ ಕೊನೆಗೆ ಆಸ್ಟ್ರೇಲಿಯಾದ ಒಂದು ತಂಡ ನ್ಯೂ ಏಜ್ ಮೇಳಗಳಲ್ಲಿ ಚಿತ್ರದ ಕಾರ್ಡುಗಳನ್ನು ಹರಡಿ 'ಭವಿಷ್ಯದ ಕರೆ'ಯನ್ನು ಓದಿ ಹೇಳುತ್ತಿದ್ದುದರ ಬಗ್ಗೆ ಗದ್ದಲವಾದಾಗ, ಬೆತೆಲ್ ಸಭೆಯಿಂದ ಬಂದದ್ದು ಖಂಡನೆಯಲ್ಲ, ಸಮರ್ಥನೆ.

ಆದರೆ ಎಚ್ಚರಿಸುವವರ ಅತಿರೇಕವನ್ನೂ ನಾನು ಒಪ್ಪಲಾರೆ. 1994ರ ಜನವರಿಯಲ್ಲಿ ಟೊರಾಂಟೊ ವಿಮಾನನಿಲ್ದಾಣದ ಬಳಿಯ ವಿನ್ಯರ್ಡ್ ಸಭೆಯಲ್ಲಿ ಜನ ಬಿದ್ದು ಹೊರಳಿ ನಗತೊಡಗಿದರು, ಕೆಲವರು ಪ್ರಾಣಿಗಳಂತೆ ಕೂಗಿದರು. ಮರುವರ್ಷ ಡಿಸೆಂಬರಿನಲ್ಲಿ ವಿನ್ಯರ್ಡ್ ಸಂಸ್ಥೆಯೇ ಆ ಸಭೆಯನ್ನು ಹೊರಗಿಟ್ಟಿತು. ಕೆಲವು ಅಮೆರಿಕನ್ ಟೀಕಾಕಾರರು ಅದನ್ನು 'ಕುಂಡಲಿನಿಯ ಆತ್ಮ' ಎಂದು ಕರೆದುಬಿಟ್ಟರು. ಕುಂಡಲಿನಿಯ ಬಗ್ಗೆ ಅವರಿಗೆ ಏನು ತಿಳಿದಿತ್ತೋ! ತಮ್ಮ ಊರಿನ ಹುಚ್ಚಾಟಕ್ಕೆ ನಮ್ಮ ದೇಶದ ಹೆಸರಿಟ್ಟು ಕೈತೊಳೆದುಕೊಂಡರು. ಮೌನವನ್ನು ಕಂಡರೂ ಹೆದರುವವರಿದ್ದಾರೆ. ರಿಚರ್ಡ್ ಫಾಸ್ಟರ್ 1978ರಲ್ಲಿ ಉಪವಾಸ, ಏಕಾಂತ, ಧ್ಯಾನಗಳ ಕುರಿತು ಬರೆದ ಪುಸ್ತಕಕ್ಕೂ ಮಾಟದ ಹಣೆಪಟ್ಟಿ ಹಚ್ಚಿದರು. ಧ್ಯಾನವೆಂಬ ಶಬ್ದ ನಮ್ಮ ಕನ್ನಡ ಸತ್ಯವೇದದ ಮೊದಲನೆಯ ಕೀರ್ತನೆಯಲ್ಲೇ ಇದೆಯಲ್ಲ! ಮೌನವಾಗಿ ಕುಳಿತವನು ದೇವರ ಕೈ ತಿರುಚುತ್ತಿಲ್ಲ. ಶಬ್ದ ಮಾಡುವವರಲ್ಲೇ ನನಗೆ ಆ ಅನುಮಾನ ಹೆಚ್ಚು.

ಮೌನದಲ್ಲಿ ಕೇಳಿದ್ದೆನ್ನುವ ಮಾತನ್ನು ಕರ್ತನ ಸ್ವಂತ ದನಿಯಲ್ಲಿ ಅಚ್ಚುಹಾಕಿಸುವುದು ಮಾತ್ರ ಬೇರೆ ವಿಷಯ. ಸಾರಾ ಯಂಗ್ ಅವರ 2004ರ 'ಜೀಸಸ್ ಕಾಲಿಂಗ್' ಪುಸ್ತಕದಲ್ಲಿ ಯೇಸುವೇ ಉತ್ತಮ ಪುರುಷದಲ್ಲಿ ಮಾತಾಡುತ್ತಾನೆ. ಅನಾಮಧೇಯ 'ಆಲಿಸುವವರಿಬ್ಬರು' ಬರೆದ 'ಗಾಡ್ ಕಾಲಿಂಗ್' ತಮಗೆ ಪ್ರೇರಣೆಯೆಂದು ಮೊದಲ ಆವೃತ್ತಿಗಳ ಮುನ್ನುಡಿಯಲ್ಲಿತ್ತು. ಮುಂದಿನ ಆವೃತ್ತಿಗಳಲ್ಲಿ ಆ ಮಾತು ಸದ್ದಿಲ್ಲದೆ ಮಾಯವಾಯಿತು. ದೀರ್ಘಕಾಲದ ಕಾಯಿಲೆಯನ್ನು ತಾಳ್ಮೆಯಿಂದ ಸಹಿಸಿ 2023ರಲ್ಲಿ ತೀರಿಕೊಂಡ ಆಕೆಯ ಭಕ್ತಿಯ ಬಗ್ಗೆ ನನಗೆ ಸಂದೇಹವಿಲ್ಲ. ಸಂದೇಹವಿರುವುದು ಮುನ್ನುಡಿಯನ್ನು ತಿದ್ದಿದ ಕೈಯ ಬಗ್ಗೆ.

ಪ್ರವಾದಿಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಸಭಿಕರ ಹೆಸರು, ಕಾಯಿಲೆ, ವಿಳಾಸಗಳನ್ನು ಆತ್ಮನಿಂದ ಅರಿತಂತೆ ಹೇಳುತ್ತಿದ್ದ ಪೀಟರ್ ಪೊಪಾಫ್ ಅವರ ಕಿವಿಯಲ್ಲಿ 39.17 ಮೆಗಾಹರ್ಟ್ಸ್‌ನಲ್ಲಿ ಅವರ ಹೆಂಡತಿಯ ದನಿ ಬರುತ್ತಿದ್ದುದನ್ನು ಜೇಮ್ಸ್ ರ‍್ಯಾಂಡಿ 1986ರಲ್ಲಿ ಟೆಲಿವಿಷನ್ನಿನಲ್ಲೇ ಬಯಲು ಮಾಡಿದರು. ಪೊಪಾಫ್ ದಿವಾಳಿಯಾದರು, ಮತ್ತೆ ಎದ್ದು ಬಂದು ಅದ್ಭುತದ ನೀರು ಹಂಚತೊಡಗಿದರು. 2020ರ ಅಮೆರಿಕದ ಚುನಾವಣೆಯಲ್ಲಿ ಟ್ರಂಪ್ ಗೆಲ್ಲುವರೆಂದು ದೇವರ ಹೆಸರಿನಲ್ಲಿ ನುಡಿದು ಸುಳ್ಳಾದವರಲ್ಲಿ ಕ್ಷಮೆ ಕೇಳಿದವರು ಕೆಲವರೇ. ಹಾಗೆ ಕೇಳಿದ ಜೆರೆಮಾಯಾ ಜಾನ್ಸನ್ ತಮಗೆ ಕೊಲೆಬೆದರಿಕೆಗಳು ಬಂದವೆಂದು ಹೇಳಿಕೊಂಡರು. ಪ್ರವಾದಿ ತಪ್ಪಿದ್ದು ಅವರ ಹಿಂಬಾಲಕರಿಗೆ ಸಹ್ಯವಾಗಿತ್ತು, ಒಪ್ಪಿಕೊಂಡದ್ದು ಸಹ್ಯವಾಗಲಿಲ್ಲ.

ಜನ ಅಲ್ಲಿಗೆ ಏಕೆ ಹೋಗುತ್ತಾರೆಂದು ಅಕ್ಕನನ್ನೇ ಕೇಳಿದೆ. ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಹೇಳಿದಳು: "ಅವರು ದಿನಾ ಫೋನು ಮಾಡುತ್ತಿದ್ದರು. ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಿದ್ದರು. ನಮ್ಮ ಸಭೆಯಿಂದ ಚಂದಾ ಪಟ್ಟಿ ಬಿಟ್ಟು ಬೇರೇನು ಬಂತು?" ನನ್ನಲ್ಲಿ ಉತ್ತರವಿರಲಿಲ್ಲ. ನಾನೂ ಆ ಸಭೆಯ ಹಿರಿಯರಲ್ಲಿ ಒಬ್ಬ. ಯಾಕೋಬನು ಹೇಳಿದ ಹಿರಿಯರು ಮನೆಗೆ ಹೋಗಿದ್ದರೆ ಎಣ್ಣೆ ಕೊರಿಯರಿನಲ್ಲಿ ಬರಬೇಕಾದದ್ದೇ ಇರಲಿಲ್ಲ.

ಡಿಸೆಂಬರಿನ ಒಂದು ಮುಂಜಾನೆ ಮೇಜಿನ ಮೇಲಿನ ಆ ಸೀಸೆ ಬೆಳ್ಳಗೆ ಹೆಪ್ಪುಗಟ್ಟಿ ನಿಂತಿತ್ತು. ಧಾರವಾಡದ ಚಳಿಗೆ ಹಾಗೆ ಗಟ್ಟಿಯಾಗುವುದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಆಲಿವ್ ಎಣ್ಣೆಗೆ ಅದಕ್ಕಿಂತ ಬಹಳ ಹೆಚ್ಚಿನ ಚಳಿ ಬೇಕು. ಅದರ ಚಿತ್ರ ತೆಗೆದು ಅಳಿಯನಿಗೆ ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಫೋನು ಮಾಡಿದ, ಎಣ್ಣೆಯ ಮಾತೆತ್ತಲಿಲ್ಲ. "ಅಮ್ಮನಿಗೆ ಕೃತಕ ಕಾಲು ಎಲ್ಲಿ ಮಾಡಿಸೋಣ ಮಾವ?" ಎಂದು ಕೇಳಿದ.

ಅದೇ ತಿಂಗಳ ಕೊನೆಗೆ ಕಾರ್ಯದರ್ಶಿಗಳು ವಾಡಿಕೆಯಂತೆ ಬಣ್ಣದ ಕಾಗದದ ಕಟ್ಟು ತಂದರು. ಚೀಟಿ ಬರೆಯಲಾರೆನೆಂದೆ. ಬೇಕಿದ್ದರೆ ಹೊಸ ವರ್ಷದ ರಾತ್ರಿ ಎಂಬತ್ತೆಂಟನೆಯ ಕೀರ್ತನೆಯನ್ನು ಪೂರ್ತಿ ಓದಿಸಿರಿ, ಜನವರಿಯಿಂದ ಹಿರಿಯರು ಇಬ್ಬಿಬ್ಬರಾಗಿ ರೋಗಿಗಳ ಮನೆಗೆ ಹೋಗೋಣ ಎಂದೂ ಹೇಳಿದೆ. ಚೀಟಿಗಳನ್ನು ಬೇರೆಯವರು ಬರೆದರು. ಮನೆಭೇಟಿಗೆ ಈವರೆಗೆ ನನ್ನೊಡನೆ ನಾಲ್ವರು ಬಂದಿದ್ದಾರೆ. ಅಕ್ಕನ ಮನೆಗೆ ಗುರುವಾರ ಹೋಗುತ್ತೇವೆ.